ಬಾಡಿಗೆ ಕೋಣೆಯಲ್ಲಿ ಹಾಲು ಉಕ್ಕಿಸಿದ್ದು

ದುಡಿದದ್ದನ್ನೆಲ್ಲ ಖರ್ಚು ಮಾಡಿ ತಿಂಗಳ ಕೊನೆಗೆ ಕೈ ಚಾಚುವವರನ್ನು ಕಂಡರೆ ಕಾಲೇಜಿನಲ್ಲಿದ್ದಾಗ ನನಗೆ ಭಾರಿ ತಾತ್ಸಾರವಿತ್ತು. ಇರಬೇಕಾದದ್ದೇ. ಬಿ.ಕಾಂ. ಕೊನೆಯ ವರ್ಷದಲ್ಲಿ ‘ಒಂದು ಕುಟುಂಬದ ಮಾಸಿಕ ಬಜೆಟ್ ತಯಾರಿಸಿ’ ಎಂಬ ಪ್ರಶ್ನೆಗೆ ಹತ್ತಕ್ಕೆ ಒಂಬತ್ತೂವರೆ ಅಂಕ ಪಡೆದವಳು ನಾನು. ಊರು ಹೆಸರು ಇಲ್ಲದ ಆ ಕುಟುಂಬಕ್ಕೆ ಬಾಡಿಗೆ, ದಿನಸಿ, ಔಷಧಿ, ಉಳಿತಾಯ ಎಲ್ಲವನ್ನೂ ಹಂಚಿಕೊಟ್ಟು, ಕೊನೆಗೆ ಎಂಟುನೂರು ರೂಪಾಯಿ ಮಿಗಿಸಿ ಕೈಗಿಟ್ಟಿದ್ದೆ. ಅರ್ಧ ಅಂಕ ಯಾಕೆ ಕಡಿಮೆಯಾಯಿತು ಎಂದು ಮೇಷ್ಟರನ್ನು ಕೇಳಿದ್ದಕ್ಕೆ, "ಇತರೆ ಖರ್ಚು ಅಂತ ಒಂದು ಸಾಲು ಬಿಟ್ಟೀಯಲ್ಲವಾ" ಎಂದರು. ಅರ್ಧ ಅಂಕಕ್ಕೆ ಯಾರ ಜೀವ ಹೋಗುತ್ತದೆ ಎಂದು ಸುಮ್ಮನಾದೆ. ಜೀವ ಹೋಗುವುದಿಲ್ಲ ನಿಜ, ಆದರೆ ಮಾನ ಹೋಗುತ್ತದೆ. ಅದು ಹೇಗೆ ಹೋಯಿತು ಎಂಬುದನ್ನು ನಿಮಗೆ ಹೇಳಿಬಿಟ್ಟರೆ ನನಗೂ ಸ್ವಲ್ಪ ಹಗುರ.

ಡಿಗ್ರಿ ಮುಗಿದ ಎರಡೇ ತಿಂಗಳಿಗೆ ನನಗೆ ಕೆಲಸ ಸಿಕ್ಕಿತು. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ ಅದಿರು ಸಾಗಿಸುವ ಲಾರಿಗಳ ಒಂದು ಟ್ರಾನ್ಸ್‌ಪೋರ್ಟ್ ಕಚೇರಿ. ಅಲ್ಲಿ ಲೆಕ್ಕ ಬರೆಯುವ ಹುದ್ದೆ. ಸಂಬಳ ಹದಿನಾರು ಸಾವಿರ. ಬಿಳಿ ದುಪಟ್ಟಾ ಹಾಕಿಕೊಂಡು ಹೋದರೆ ಸಂಜೆಗೆ ಅದಿರಿನ ಧೂಳಿನಿಂದ ಇಟ್ಟಿಗೆ ಬಣ್ಣ, ಆದ್ದರಿಂದ ಸೋಪಿನ ಪುಡಿಗೆ ನನ್ನ ಬಜೆಟ್ಟಿನಲ್ಲಿ ಪ್ರತ್ಯೇಕ ಸಾಲು. ಚಿತ್ತವಾಡ್ಗಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಕೋಣೆ ಎಂದರೆ ಕೋಣೆಯೇ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಚಾಪೆ, ನಡುವೆ ನಾನು. ನಮ್ಮ ಮನೆಯಲ್ಲಿ ತಿಂಗಳ ಸಂಬಳ ಎಂಬುದನ್ನು ಕಂಡ ಮೊದಲ ಜೀವ ನಾನೇ ಆದ್ದರಿಂದ ಆ ಚಾಪೆಯ ಮೇಲೆ ಮಲಗಿದಾಗ ನನಗೆ ಅರಮನೆಯಲ್ಲಿ ಮಲಗಿದಷ್ಟು ಸುಖವಾಯಿತು.

ನಮ್ಮೂರು ಕಂಪ್ಲಿ ಹತ್ತಿರದ ಎಮ್ಮಿಗನೂರು. ಅವ್ವ ಹುಲಿಗೆಮ್ಮ ಅಲ್ಲಿ ಭತ್ತದ ನಾಟಿ ಮಾಡುವ ಹೆಂಗಸರ ಗುಂಪಿನ ಮುಂದಾಳು. ಹನ್ನೆರಡು ಹೆಂಗಸರು ಸೇರಿ ಎಕರೆಗೆ ಇಷ್ಟು ಎಂದು ಗುತ್ತಿಗೆ ಹಿಡಿಯುತ್ತಾರೆ, ಬಂದದ್ದನ್ನು ಸಮ ಹಂಚಿಕೊಳ್ಳುತ್ತಾರೆ. ನಾನು ಓದಿದ್ದು ಆ ದುಡ್ಡಿನಲ್ಲಿ. ಆದರೆ ಇಷ್ಟು ವರ್ಷ ಬಗ್ಗಿ ಬಗ್ಗಿ ಅವ್ವನ ಬಲ ಮೊಣಕಾಲು ಕೈಬಿಟ್ಟಿತ್ತು. ಸಂಜೆ ಕೂತರೆ ಏಳುವುದಕ್ಕೆ ಗೋಡೆ ಹಿಡಿಯುತ್ತಿದ್ದಳು, ಎದ್ದ ಮೇಲೂ ಒಂದು ಗಳಿಗೆ ಹಲ್ಲು ಕಚ್ಚಿ ನಿಲ್ಲುತ್ತಿದ್ದಳು. ಕೆಲಸಕ್ಕೆ ಸೇರುವ ಹಿಂದಿನ ದಿನ ಎದೆಯುಬ್ಬಿಸಿ ಹೇಳಿಬಿಟ್ಟೆ: "ಯವ್ವಾ, ಇನ್ನ ನೀ ಗದ್ದಿಗೆ ಇಳಿಬ್ಯಾಡ. ತಿಂಗಳಾ ತಿಂಗಳಾ ನಾಲ್ಕು ಸಾವಿರ ಕಳಿಸ್ತೀನಿ."

ಅವ್ವ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಬಾಯಿಲೆ ಹೇಳೋದು ಭಾಳ ಸಸಾರ ಐತಿ ರೇಣಿ. ಮೂರು ತಿಂಗಳು ಬಿಡದಂಗ ಕಳಿಸಿ ತೋರ್ಸು. ನಡುವ ಒಂದ್ ರೂಪಾಯಿ ವಾಪಸ್ ಕೇಳಬಾರ್ದು. ಮೂರನೇ ತಿಂಗಳು ಮುಗಿದ ದಿನಾನ ನಾಟಿ ಬಿಡ್ತೀನಿ. ಕೇಳಿದಿ ಅಂದ್ರ ಮತ್ತ ಒಂದರಿಂದ ಎಣಸ್ಬೇಕು." ಹತ್ತಕ್ಕೆ ಒಂಬತ್ತೂವರೆ ಪಡೆದವಳಿಗೆ ಹಾಕುವ ಷರತ್ತೇ ಇದು ಎಂದು ನಗುತ್ತ ಒಪ್ಪಿಕೊಂಡೆ.

ಮೊದಲ ತಿಂಗಳು ನನ್ನನ್ನು ಕೆಡವಿದ್ದು ಹಂಪಿ. ಹೊಸಪೇಟೆಯಲ್ಲಿ ಕೋಣೆ ಮಾಡಿದವರಿಗೆ ಸ್ನೇಹಿತರ ಕೊರತೆ ಇರುವುದಿಲ್ಲ. ಕಾಲೇಜಿನಲ್ಲಿ ಪೆನ್ನು ಕೇಳಿದರೂ ಕೊಡದಿದ್ದವರು ಫೋನು ಮಾಡಿ, "ಹೆಂಗೂ ನೀ ಅಲ್ಲೇ ಅದೀಯಲ್ಲ, ಹಂಪಿ ತೋರ್ಸು" ಎನ್ನುತ್ತಾರೆ. ಬಂದವರು ನೆಂಟರು, ಅವರ ಕೈಯಲ್ಲಿ ಖರ್ಚು ಮಾಡಿಸಿದರೆ ನಮ್ಮ ಊರಿನ ಮರ್ಯಾದೆ ಏನಾಗಬೇಕು? ಆಟೋ ನನ್ನದು, ಎಳನೀರು ನನ್ನದು, ಊಟ ನನ್ನದು, ಟಿಕೆಟ್ಟೂ ನನ್ನದು. ಹುಟ್ಟಿ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲ ಕಮಲ ಮಹಲು ನೋಡಿದ್ದವಳು ಆ ಒಂದೇ ತಿಂಗಳಲ್ಲಿ ನಾಲ್ಕು ಸಲ ನೋಡಿದೆ. ನಾಲ್ಕನೇ ಸಲ ನೋಡಿದಾಗ ನನ್ನ ಕೈಯಲ್ಲಿ ಉಳಿದದ್ದು ನೂರಾ ಎಂಬತ್ತು ರೂಪಾಯಿ, ತಾರೀಖು ಇಪ್ಪತ್ತೆರಡು. ಅವ್ವನಿಗೆ ಫೋನು ಮಾಡಿದೆ. ಆಕೆ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಪಕ್ಕದ ಮನೆಯವರ ಫೋನಿನಿಂದ ಎರಡು ಸಾವಿರ ಹಾಕಿಸಿ, "ಮತ್ತ ಒಂದರಿಂದ" ಎಂದು ಇಟ್ಟುಬಿಟ್ಟಳು.

ಎರಡನೇ ತಿಂಗಳು ಸ್ನೇಹಿತರ ಫೋನು ಎತ್ತುವುದನ್ನೇ ಬಿಟ್ಟೆ. ಈ ಸಲ ಪೆಟ್ಟು ಕಚೇರಿಯ ಒಳಗಿನಿಂದಲೇ ಬಂತು. ನಮ್ಮ ಕಚೇರಿಯಲ್ಲಿ ಒಂದು ಪದ್ಧತಿ. ಯಾರ ಮನೆಯಲ್ಲಿ ಶುಭಕಾರ್ಯವಾದರೂ ಒಂದು ಗೆರೆ ಹಾಳೆ, ಅದಕ್ಕೊಂದು ಕವರು ಪಿನ್ನು ಚುಚ್ಚಿಕೊಂಡು ಮೇಜಿನಿಂದ ಮೇಜಿಗೆ ಹೊರಡುತ್ತದೆ. ಅದೇ ಮುಯ್ಯಿ ಪಟ್ಟಿ. ತಲೆಯಲ್ಲಿ ಮ್ಯಾನೇಜರ್ ಸಾಹೇಬರ ಸಾವಿರ, ಕೆಳಗೆ ಹೆಡ್ ಕ್ಲರ್ಕ್ ಗುರುಪಾದಪ್ಪ ಸರ್ ಅವರ ಐದುನೂರು, ಅದರ ಕೆಳಗೆ ಬಹುತೇಕ ಎಲ್ಲರದೂ ಅಷ್ಟೇ, ಕೊನೆಗೆ ನನ್ನ ಹೆಸರು. ಮೇಲಿನವರಿಗಿಂತ ಹೆಚ್ಚು ಬರೆದರೆ ಸೊಕ್ಕು, ತೀರ ಕಡಿಮೆ ಬರೆದರೆ ಜಿಪುಣತನ. ಪಟ್ಟಿ ಹಿಡಿದು ತಿರುಗುವವರು ಅಟೆಂಡರ್ ಮೌಲಾಸಾಬ್. ಐವತ್ತು ದಾಟಿದ, ಗಂಟಲು ಗಟ್ಟಿಯಾದ ಮನುಷ್ಯ. ಚಿತ್ತವಾಡ್ಗಿಯ ಮದುವೆಗಳಲ್ಲಿ ಮೈಕು ಹಿಡಿದು, ಇಂಥವರು ಇಷ್ಟು ಮುಯ್ಯಿ ಮಾಡಿದರು ಎಂದು ಓದಿ ಹೇಳುವವರೂ ಅವರೇ. ಮೊದಲ ಪಟ್ಟಿಯಲ್ಲಿ ನಾನು ಐವತ್ತು ಎಂದು ಬರೆದೆ. ಮೌಲಾಸಾಬ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಮೇಡಂ, ಒಂದು ಸೊನ್ನಿ ಬರಿಯಾದು ಮರ್ತ್ರೇನು?" ಎಂದು ವಿನಯದಿಂದ ಕೇಳಿದರು. ಎದುರು ಮೇಜಿನವರು ತಲೆಯೆತ್ತಿದರು. ನಾನು ನಾಚಿ ಇನ್ನೊಂದು ಸೊನ್ನೆ ಬರೆದೆ.

ಒಂದು ಸಲ ಐದುನೂರು ಬರೆದವಳು ಮುಂದಿನ ಸಲ ಇನ್ನೂರು ಬರೆಯುವುದು ಹೇಗೆ? ಸಂಡೂರಿನಲ್ಲಿ ಮದುವೆ, ಮರಿಯಮ್ಮನಹಳ್ಳಿಯಲ್ಲಿ ನಾಮಕರಣ, ಒಬ್ಬರ ಸೊಸೆಗೆ ಸೀಮಂತ, ಇನ್ನೊಬ್ಬರ ಮನೆಗೆ ಗೃಹಪ್ರವೇಶ. ನಮ್ಮ ಕಚೇರಿಯ ಡ್ರೈವರುಗಳೇ ಅರವತ್ತು ಮಂದಿ. ಅವರು ಲಾರಿ ಓಡಿಸುವುದರ ಜೊತೆಗೆ ಇಷ್ಟೊಂದು ಸಂಸಾರವನ್ನೂ ನಡೆಸುತ್ತಿದ್ದಾರೆಂದು ನನಗೆ ಆಗಲೇ ಗೊತ್ತಾದದ್ದು. ಹತ್ತೊಂಬತ್ತನೇ ತಾರೀಖು ಅವ್ವನಿಗೆ ಮತ್ತೆ ಫೋನು. "ಮತ್ತ ಒಂದರಿಂದ," ಎಂದಳು ಅವ್ವ. ಹಿನ್ನೆಲೆಯಲ್ಲಿ ಗದ್ದೆಗೆ ನೀರು ಹಾಯುವ ಸದ್ದು, ಹೆಂಗಸರ ನಗು ಕೇಳಿಸಿತು. ಆ ಹೊತ್ತಿನಲ್ಲೂ ಆಕೆ ಕೆಸರಿನಲ್ಲೇ ನಿಂತಿದ್ದಳು. ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಮೂರನೇ ತಿಂಗಳಂತೂ ಸಂಬಳವಾದ ಐದು ದಿನದಲ್ಲಿ ನಾಲ್ಕು ಪಟ್ಟಿ ಬಂದವು. ಅವ್ವನಿಗೆ ಕಳಿಸುವ ದುಡ್ಡಿಗೇ ಕೈ ಬಿತ್ತು. ತಡೆಯಲಾರದೆ ಗುರುಪಾದಪ್ಪ ಸರ್ ಹತ್ತಿರ ಗೋಳು ತೋಡಿಕೊಂಡೆ. ಅವರು ಚಹಾ ಹೀರುತ್ತ, "ಮುಯ್ಯಿ ಅಂದ್ರ ಎಲ್ಲಿಗೂ ಹೋಗಂಗಿಲ್ಲವಾ. ನಿನ್ನ ಮದುವ್ಯಾಗ ಅಷ್ಟೂ ವಾಪಸ್ ಬರ್ತೈತಿ, ಬಡ್ಡಿ ಸಮೇತ" ಎಂದು ಸಮಾಧಾನ ಹೇಳಿದರು. ಲೆಕ್ಕದಲ್ಲಿ ಅವರ ಮಾತು ಸರಿಯಾಗಿಯೇ ಇತ್ತು. ಆದರೆ ನಾಲ್ಕು ಸಾವಿರಕ್ಕಾಗಿ ಮದುವೆಯಾಗುವುದು ಸ್ವಲ್ಪ ದುಬಾರಿ ಎನ್ನಿಸಿತು. ಮದುವೆಯಿಲ್ಲ, ಮಕ್ಕಳಿಲ್ಲ, ಮನೆಯಿಲ್ಲ. ಕೊಡುವುದಷ್ಟೇ ಹೊರತು ಪಡೆಯಲು ನನಗೊಂದು ನೆಪವೇ ಇಲ್ಲ. ಸಂಜೆ ಕೋಣೆಗೆ ಬಂದು ಬೀಗ ತೆಗೆಯುವಾಗ ತಲೆಯಲ್ಲಿ ದೀಪ ಹತ್ತಿತು. ಮನೆಯಿಲ್ಲ ಎಂದರೇನು? ಬಾಡಿಗೆಯದಾದರೂ ಇದು ಮನೆಯೇ. ಇದಕ್ಕೆ ನಾನಿನ್ನೂ ಹಾಲು ಉಕ್ಕಿಸಿಲ್ಲ!

ಅವತ್ತು ರಾತ್ರಿಯೇ ಬಜೆಟ್ ಪುಸ್ತಕ ತೆಗೆದು ಹೊಸ ಪುಟಕ್ಕೆ ‘ಹಾಲು ಉಕ್ಕಿಸುವುದು, ಬರಬೇಕಾದದ್ದು’ ಎಂದು ತಲೆಬರಹ ಕೊಟ್ಟೆ. ಒಬ್ಬೊಬ್ಬರ ಹೆಸರು, ಎದುರಿಗೆ ಮೊತ್ತ, ಅಗತ್ಯ ಬಿದ್ದಲ್ಲಿ ಪಕ್ಕದಲ್ಲಿ ಷರಾ. ಕಾಲೇಜಿನಲ್ಲಿ ಕಲಿಸಿದ್ದು ಹಾಗೆಯೇ, ಪ್ರತಿ ಅಂದಾಜಿಗೂ ಆಧಾರ ಬರೆಯಬೇಕು. ಒಟ್ಟು ಆರು ಸಾವಿರದ ಎಂಟುನೂರು ಬರಬೇಕು. ಇಪ್ಪತ್ತು ಜನರಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಜಿಲೇಬಿ ಎಂದರೆ ಎರಡು ಸಾವಿರದ ಎಂಟುನೂರು ಖರ್ಚು. ಉಳಿಯುವುದು ನಾಲ್ಕು ಸಾವಿರ, ಸರಿಯಾಗಿ ಅವ್ವನ ದುಡ್ಡು. ಇಷ್ಟು ಚಂದದ ಲೆಕ್ಕವನ್ನು ನಾನು ಪರೀಕ್ಷೆಯಲ್ಲೂ ಬರೆದಿರಲಿಲ್ಲ. ಮರುದಿನ ಕಚೇರಿಯಲ್ಲಿ ಎಲ್ಲರನ್ನೂ ಕರೆದೆ. ಹಿರಿಯರೊಬ್ಬರು ಇರಬೇಕಲ್ಲ ಎಂದು ಊರಿನಿಂದ ಅವ್ವನಿಗೂ ಬರಹೇಳಿದೆ.

ಭಾನುವಾರ ಬೆಳಗ್ಗೆ ಹತ್ತಕ್ಕೆ ಹಾಲು ಒಲೆಯ ಮೇಲೆ ಕೂತಿತು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಗದ್ದಲ ಕೇಳಿ ಇಣುಕಿದರೆ ಅವ್ವ, ಅವ್ವನ ಹಿಂದೆ ನಾಟಿ ಗುಂಪಿನ ಹನ್ನೊಂದು ಮಂದಿ! ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ನಮ್ಮ ಕಡೆ ಒಬ್ಬರನ್ನು ಕರೆದರೆ ಒಬ್ಬರೇ ಬರುತ್ತಾರೆ ಎಂಬ ಖಾತ್ರಿ ಇಲ್ಲ. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಯಂಕವ್ವ ದೊಡ್ಡವ್ವ ಒಳಗೆ ಕಾಲಿಡುತ್ತ, "ನಮ್ಮ ರೇಣಿ ಮನಿ ಮಾಡ್ಯಾಳ ಅಂದ್ರ ನಾವು ಬರದಂಗ ಇರ್ತೀವೇನು?" ಎಂದು ನನ್ನ ಕೆನ್ನೆ ಹಿಂಡಿದಳು. ಕೋಣೆ ಅಲ್ಲಿಗೇ ತುಂಬಿತು. ಕಚೇರಿಯವರು ಬಂದಾಗ ಅರ್ಧ ಜನ ಓಣಿಯಲ್ಲೇ ನಿಂತರು. ಅವರ ಕೈಯಲ್ಲಿ ಕವರು ಕಾಣಲಿಲ್ಲ. ಬಣ್ಣದ ಕಾಗದ ಸುತ್ತಿದ ಚೌಕ ಡಬ್ಬಿಗಳು ಕಂಡವು. ಒಂದು ಬಿಚ್ಚಿದರೆ ಗೋಡೆ ಗಡಿಯಾರ. ಎರಡನೆಯದೂ ಗಡಿಯಾರ. ಹೊಸ ಮನೆಗೆ ವಸ್ತುವನ್ನೇ ಕೊಡಬೇಕು ಎಂದು ಅವರವರೇ ಮಾತಾಡಿಕೊಂಡಿದ್ದರಂತೆ. ಏನು ಕೊಡಬೇಕು ಎಂಬುದನ್ನು ಮಾತ್ರ ಮಾತಾಡಿಕೊಂಡಿರಲಿಲ್ಲ. ನಾಲ್ಕು ಗೋಡೆಯ ಕೋಣೆಗೆ ಏಳು ಗಡಿಯಾರಗಳು ಬಂದವು. ನಾನು ನಗುನಗುತ್ತ ಎಲ್ಲವನ್ನೂ ತೆಗೆದುಕೊಂಡೆ, ಒಳಗೆ ಮಾತ್ರ ಆರು ಸಾವಿರದ ಎಂಟುನೂರು ಕರಗುತ್ತಿತ್ತು. ಅತ್ತ ಹಾಲು ಉಕ್ಕಿ ಒಲೆಯೂ ಆರಿತು.

ನಿಜವಾದ ಹಬ್ಬ ಶುರುವಾದದ್ದು ಆಮೇಲೆ. ಯಂಕವ್ವ ದೊಡ್ಡವ್ವ ಸೆರಗಿನ ಗಂಟು ಬಿಚ್ಚಿ, "ಮುಯ್ಯಿ ಅಂದ್ಮ್ಯಾಲ ಓದಬೇಕಲ್ರೀ. ಯಾರ್ ಬರ್ಕೊಳ್ಳಾಕತ್ತೀರಿ?" ಎಂದಳು. ಓದುವುದು ಎಂಬ ಮಾತು ಕಿವಿಗೆ ಬಿದ್ದರೆ ಮೌಲಾಸಾಬ್ ಸುಮ್ಮನಿರುವವರಲ್ಲ. "ನಾ ಅದೀನಲ್ರೀ," ಎಂದು ಎದ್ದವರೇ ಸುತ್ತ ನೋಡಿದರು. ದೇವರ ಫೋಟೋದ ಮುಂದೆ, ಪೂಜೆಗೆಂದು ನಾನೇ ಕುಂಕುಮ ಹಚ್ಚಿ ಇಟ್ಟಿದ್ದ ಬಜೆಟ್ ಪುಸ್ತಕ ಕಂಡಿತು. ನಾನು ಒಲೆ ಒರೆಸುತ್ತಿದ್ದೆ. ತಿರುಗುವಷ್ಟರಲ್ಲಿ ಅವರು ಪುಸ್ತಕ ತೆಗೆದು, "ಓಹೋ, ಆಗಲೇ ಬರದಿಟ್ಟಾರ! ಭಾಳ ಜಲ್ದಿ ಕೆಲಸ ನಮ್ ಮೇಡಂದು" ಎಂದು ಗಂಟಲು ಸರಿಮಾಡಿಕೊಂಡು, ಮೈಕಿನ ಮುಂದೆ ನಿಂತವರ ಹಾಗೆ ಶುರುಮಾಡಿಯೇಬಿಟ್ಟರು.

"ಮ್ಯಾನೇಜರ್ ಸಾಹೇಬರು, ಒಂದು ಸಾವಿರ ರೂಪಾಯಿ! ಷರಾ: ಬರುವುದಿಲ್ಲ, ಕವರು ಕಳಿಸುವಂತೆ ನೆನಪು ಮಾಡಬೇಕು. ಗುರುಪಾದಪ್ಪ ಸರ್, ಐದುನೂರು ರೂಪಾಯಿ! ಷರಾ: ಕೈ ಬಿಗಿ, ಮುನ್ನೂರು ಬಂದರೂ ದೊಡ್ಡದು." ಓಣಿಯಲ್ಲಿ ಮಿರ್ಚಿ ಕಡಿಯುತ್ತಿದ್ದ ಗುರುಪಾದಪ್ಪ ಸರ್ ಅವರಿಗೆ ಕೆಮ್ಮು ಹತ್ತಿಕೊಂಡಿತು. ನಾನು "ಮೌಲಾಸಾಬ್, ಮೌಲಾಸಾಬ್" ಎಂದು ಹೆಂಗಸರನ್ನು ದಾಟಿ ಬರಲು ಹೆಣಗುತ್ತಿದ್ದೆ. ಓದುವಾಗ ಅವರಿಗೆ ಮತ್ತೇನೂ ಕೇಳಿಸುವುದಿಲ್ಲ. ಇನ್ನೂ ಐದಾರು ಹೆಸರು, ಅವರವರ ಗುಣಗಳ ಸಮೇತ, ಗಟ್ಟಿಯಾಗಿ ಹೊರಬಿದ್ದವು. "ಮೌಲಾಸಾಬ್, ನೂರು ರೂಪಾಯಿ! ಷರಾ: ಪಾಪ, ಅವರಿಂದ ಬೇಡ." ಅಲ್ಲಿ ಅವರು ಒಂದು ಕ್ಷಣ ನಿಂತರು. ದನಿ ಸ್ವಲ್ಪ ಇಳಿಯಿತು. ಆದರೂ ಅಭ್ಯಾಸಬಲದಿಂದ ಕೊನೆಯ ಸಾಲನ್ನೂ ಓದಿದರು: "ಖರ್ಚು ಕಳೆದು ಲಾಭ ನಾಲ್ಕು ಸಾವಿರ. ಅವ್ವನಿಗೆ. ನಾಟಿ ಬಿಡಿಸಲು."

ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅದನ್ನು ನಾನು ಅವತ್ತು ಮನಸಾರೆ ಬೇಡಿಕೊಂಡೆ. ಏಳು ಗಡಿಯಾರಗಳ ಟಿಕ್ ಟಿಕ್ ಮಾತ್ರ. ಗುರುಪಾದಪ್ಪ ಸರ್ ಮೆಲ್ಲಗೆ ಜೇಬಿಗೆ ಕೈ ಹಾಕಿದರು. ಅವ್ವ ಗೋಡೆ ಹಿಡಿದು ಎದ್ದು ನಿಂತಳು. "ಬ್ಯಾಡ್ರಿ ಸರ್. ನೀವು ಮಾಡೋದು ಮಾಡೀರಿ. ಇದು ನಮ್ಮ ತಾಯಿ ಮಗಳ ಪಂದ್ಯ. ನೀವು ಕುಂದ್ರಿ, ಇನ್ನೊಂದೆರಡು ಮಿರ್ಚಿ ಹಾಕ್ಕೋರಿ." ಆಮೇಲೆ ನನ್ನ ಕಡೆ ತಿರುಗಿದಳು. "ಮುಯ್ಯಿ ಅಂದ್ರ ಲಾಭ ಅಂತ ತಿಳ್ಕೊಂಡಿಯೇನಲೇ? ಮಂದಿ ಮನಿ ಕಾರ್ಯಕ್ಕ ನಾವು ಕೈ ಹಚ್ಚೋದು ಅದು. ಇಷ್ಟು ಓದಿ ಇಷ್ಟಾ ತಿಳೀತಾ ನಿನಗ?" ನನಗೆ ಅಳು ಬಂತು. "ನಿನ್ ಕಾಲು ನೋಡಾಕಾಗಂಗಿಲ್ಲ ಯವ್ವಾ," ಎಂದು ಎಲ್ಲರೆದುರು ಅತ್ತುಬಿಟ್ಟೆ. ಅವ್ವ ಬೈಯುವುದನ್ನು ನಿಲ್ಲಿಸಿ ನನ್ನ ಮುಖ ಒರೆಸಿದಳು. ಹನ್ನೊಂದು ಹೆಂಗಸರೂ ತಲಾ ನೂರಾ ಒಂದು ರೂಪಾಯಿ ಕೊಟ್ಟರು. ಮೌಲಾಸಾಬ್ ಈ ಸಲ ಬೇರೆ ಹಾಳೆಯಲ್ಲಿ ಬರೆದುಕೊಂಡು, ಷರಾ ಇಲ್ಲದೆ ಓದಿದರು. ಹೊರಡುವಾಗ ಅವ್ವ, "ಈ ರೊಕ್ಕ ಲೆಕ್ಕಕ್ಕ ಬರಂಗಿಲ್ಲ. ಸಂಬಳದ ರೊಕ್ಕ ಅಷ್ಟಾ. ಮತ್ತ ಒಂದರಿಂದ" ಎಂದಳು.

ಸೋಮವಾರ ಕಚೇರಿಗೆ ಹೇಗೆ ಹೋದೆನೋ ನನಗೇ ಗೊತ್ತಿಲ್ಲ. ಯಾರೂ ಏನೂ ಅನ್ನಲಿಲ್ಲ. ಬುಧವಾರ ಒಂದು ಪಟ್ಟಿ ಹೊರಟಿತು. ನನ್ನ ಮೇಜಿನ ಹತ್ತಿರ ಬಂದು, ನಿಲ್ಲದೆ ಮುಂದೆ ಹೋಯಿತು. ಮುಂದಿನ ವಾರವೂ ಹಾಗೆಯೇ. ದುಡ್ಡು ಉಳಿಯಿತು ಎಂದು ಸಂತೋಷಪಡಬೇಕಿದ್ದ ನನಗೆ ಯಾಕೋ ಜಾತ್ರೆಯಲ್ಲಿ ಕೈಬಿಟ್ಟುಹೋದ ಮಗುವಿನ ಹಾಗಾಯಿತು. ಪಟ್ಟಿಯಲ್ಲಿ ಕೊನೆಯ ಹೆಸರಾದರೂ ಹೆಸರು ಹೆಸರೇ ಅಲ್ಲವೇ? ತಡೆಯಲಾರದೆ ಮೌಲಾಸಾಬ್ ಅವರನ್ನು ಕೇಳಿದೆ, ಎಲ್ಲರಿಗೂ ನನ್ನ ಮೇಲೆ ಅಷ್ಟು ಸಿಟ್ಟೇ ಎಂದು. ಅವರು ಅತ್ತಿತ್ತ ನೋಡಿ, "ಸಿಟ್ಟೆಲ್ಲಿದು ಮೇಡಂ? ಗುರುಪಾದಪ್ಪ ಸರ್ ಹೇಳ್ಯಾರ, ಆ ಹುಡುಗಿ ಅವ್ವ ನಾಟಿ ಬಿಡೋತನ ಆಕಿ ಹೆಸರು ಪಟ್ಟಿಗೆ ಹತ್ತಿಸಬ್ಯಾಡ್ರಿ ಅಂತ" ಎಂದರು. ಕೈ ಬಿಗಿ ಎಂದು ಬರೆದ ನನ್ನ ಕೈಯನ್ನು ನಾನೇ ಹೊಡೆದುಕೊಳ್ಳಬೇಕು ಎನ್ನಿಸಿತು.

ಆಮೇಲಿನ ಮೂರು ತಿಂಗಳು ನಾನು ಬದುಕಿದ ರೀತಿಯನ್ನು ಯಾವ ಪರೀಕ್ಷೆಯಲ್ಲಿ ಬರೆದರೂ ಹತ್ತಕ್ಕೆ ಹತ್ತು ಕೊಡಬೇಕು. ಹಂಪಿ ನೋಡಲು ಬರುತ್ತೇನೆಂದವರಿಗೆ ಬಿಸಿಲು ವಿಪರೀತ, ಕಲ್ಲೆಲ್ಲ ಕಾದಿವೆ ಎಂದು ಹೇಳಿದೆ. ಅದು ಸುಳ್ಳಂತೂ ಅಲ್ಲ. ಏಳು ಗಡಿಯಾರಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದವುಗಳನ್ನು ಅವ್ವನ ನಾಟಿ ಗುಂಪಿಗೆ ಕಳಿಸಿದೆ. ಪ್ರತಿ ತಿಂಗಳ ಕೊನೆಯ ದಿನ ಅವ್ವ ಫೋನು ಮಾಡಿ ಒಂದೇ ಮಾತು ಹೇಳುತ್ತಿದ್ದಳು. "ಒಂದು." ಮರುತಿಂಗಳು, "ಎರಡು." ಮೂರನೆಯ ತಿಂಗಳು ಫೋನು ಬರಲು ತಡವಾಯಿತು. "ಮೂರು," ಎಂದಳು ಅವ್ವ. ಹಿಂದೆಯೇ, "ಗುಂಪು ಯಂಕವ್ವಗ ಒಪ್ಪಿಸಿ ಬಂದೆ ರೇಣಿ" ಎಂದಳು. ನಾನು ಕೋಣೆಯಲ್ಲಿ ಒಬ್ಬಳೇ ಕುಣಿದೆ. ಪಕ್ಕದ ಮನೆಯವರು ಗೋಡೆಗೆ ಕೋಲಿನಿಂದ ಕುಟ್ಟಿದರು. ಮರುವಾರವೇ ಪಟ್ಟಿ ನನ್ನ ಮೇಜಿಗೆ ಬಂತು, ನಾನು ಯಾರೂ ಹೇಳದೆಯೇ ಎರಡು ಸೊನ್ನೆ ಬರೆದೆ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಜಾಣೆ ಎಂದು ನೀವೂ ಒಪ್ಪುತ್ತಿದ್ದಿರಿ. ಆದರೆ ಕೆಲಸ ಬಿಟ್ಟ ಅವ್ವನಿಗೆ ದಿನವಿಡೀ ಬಿಡುವು. ಇಷ್ಟು ವರ್ಷ ಆಕೆ ಗದ್ದೆ ಬಿಟ್ಟು ಮದುವೆಗೆ ಹೋಗಲಾಗದೆ ಯಾರದೋ ಕೈಯಲ್ಲಿ ಐವತ್ತೋ ನೂರೋ ಕಳಿಸಿ ಮುಗಿಸುತ್ತಿದ್ದಳು. ಈಗ ಮೊಣಕಾಲು ಮೇಲಾಗಿದೆ, ಬಸ್ಸು ಪುಕ್ಕಟೆ, ಮನೆಯಲ್ಲಿ ಬೇಸರ. ಕಂಪ್ಲಿಯಿಂದ ಸಂಡೂರಿನ ತನಕ ಆಕೆ ಕಾಲಿಡದ ಛತ್ರವಿಲ್ಲ. ಖುದ್ದಾಗಿ ಹೋದ ಮೇಲೆ ನೂರು ರೂಪಾಯಿ ಕೊಟ್ಟರೆ ಹೇಗೆ? "ನಾಲ್ಕು ಸಾವಿರ ಸಾಲವಲ್ದವಾ, ಆರು ಹಾಕು. ನಿನ್ನ ಹೆಸರ್ಲೇ ಓದಸಾಕತ್ತೀನಿ," ಎಂದಳು. ನಾನು ತೆಪ್ಪಗೆ ಆರು ಹಾಕಿದೆ. ಆಗುವುದಿಲ್ಲ ಎಂದರೆ ಆಕೆ ಸೀರೆ ಎತ್ತಿ ಕಟ್ಟಿ ನಾಳೆಯೇ ಕೆಸರಿಗಿಳಿಯುವವಳು.

ಹೋದ ಭಾನುವಾರ ಕಂಪ್ಲಿಯ ಒಂದು ಮದುವೆಗೆ ನನ್ನನ್ನೂ ಎಳೆದೊಯ್ದಳು. ಊಟದ ಹೊತ್ತಿಗೆ ಮೈಕಿನಲ್ಲಿ ದನಿ ಮೊಳಗಿತು: "ಎಮ್ಮಿಗನೂರು ಹುಲಿಗೆಮ್ಮನ ಮಗಳು ರೇಣುಕಾ, ಅಕೌಂಟೆಂಟು, ಹೊಸಪೇಟೆ, ಒಂದು ಸಾವಿರದ ಒಂದು ರೂಪಾಯಿ!" ಪಂಕ್ತಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವ್ವ ಮೊಣಕೈಯಿಂದ ತಿವಿದು, "ತಲಿ ಎತ್ತಿ ಕುಂದ್ರು" ಎಂದಳು. ಎತ್ತಿ ಕೂತೆ. ಸಂಜೆ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಪರ್ಸಿನಲ್ಲಿ ಆಟೋಕ್ಕೆ ಕೊಡುವಷ್ಟೂ ಇರಲಿಲ್ಲ. ಚಿತ್ತವಾಡ್ಗಿಯ ತನಕ ನಡೆದೇ ಹೋದೆ, ಮೊದಲ ಎರಡು ಫರ್ಲಾಂಗು ತಲೆ ಎತ್ತಿಕೊಂಡೇ.